ಓಪನ್ ಸೋರ್ಸ್‌ನಲ್ಲಿ ಕೋಡ್ ಒಂದೇ ಸಾಕಲ್ವಾ, ಫೆಮಿನಿಸಂ ಯಾಕೆ?

ಟರ್ಮಿನಲ್_ಪ್ರೇಮಿ:
ಎಲ್ರಿಗೂ ನಮಸ್ಕಾರ. ನಾನೊಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸೋ ಕೋಡು, ಯಾರ್ ಬೇಕಾದ್ರೂ ನೋಡಿ ತಿದ್ಬೋದು) ಮೇಂಟೇನ್ ಮಾಡ್ತೀನಿ, ರೆಗ್ಯುಲರ್ ಆಗಿ ಪ್ಯಾಚ್ (ಕೋಡ್ ತಿದ್ದುಪಡಿ) ಕಳ್ಸೋರು ಒಂದು ಹದಿನೈದು ಜನ ಇರ್ಬೋದು, ಎಲ್ಲಾ ಗಂಡಸ್ರೇ. ಮೊನ್ನೆ ಯಾರೋ ಕೋಡ್ ಆಫ್ ಕಂಡಕ್ಟ್ (ಪ್ರಾಜೆಕ್ಟಲ್ಲಿ ಒಬ್ಬರಿಗೊಬ್ರು ಹೇಗೆ ನಡ್ಕೋಬೇಕು ಅನ್ನೋ ನಿಯಮ) ಹಾಕಿ ಅಂತ ಇಶ್ಯೂ (ಚರ್ಚೆ ಥ್ರೆಡ್) ತೆಗೆದ್ರು, ಎರಡೇ ದಿನಕ್ಕೆ ಅದ್ರ ಕೆಳಗೆ ಎಂಬತ್ತು ಕಾಮೆಂಟು, ಜಗಳವೋ ಜಗಳ. ನನ್ನ ಡೌಟ್ ಇಷ್ಟೇ, ರೆಪೊ (ಕೋಡ್ ಇಟ್ಟಿರೋ ಜಾಗ) ಓಪನ್ ಇದೆ, ಯಾರನ್ನೂ ತಡೆದಿಲ್ಲ, ಪ್ಯಾಚ್ ಚೆನ್ನಾಗಿದ್ರೆ ಮರ್ಜ್ (ಕೋಡಿಗೆ ಸೇರ್ಸೋದು) ಇಲ್ಲಾಂದ್ರೆ ಇಲ್ಲ, ಇದ್ರಲ್ಲಿ ಗಂಡು ಹೆಣ್ಣು ಎಲ್ಲಿಂದ ಬಂತು? ಕಾಲೆಳೆಯೋಕೆ ಕೇಳ್ತಿಲ್ಲ, ನಿಜವಾಗ್ಲೂ ಗೊತ್ತಾಗ್ತಿಲ್ಲ.

ಸೆಮಿಕೋಲನ್:
2006ರಲ್ಲಿ ಗ್ನೋಮ್ (ಲಿನಕ್ಸ್‌ನ ಡೆಸ್ಕ್‌ಟಾಪ್ ಸಾಫ್ಟ್‌ವೇರ್) ಪ್ರಾಜೆಕ್ಟಿಗೂ ಬಾಗಿಲು ತೆಗ್ದೇ ಇತ್ತು. ಆ ವರ್ಷ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ (ದುಡ್ಡು ಕೊಟ್ಟು ಓಪನ್ ಸೋರ್ಸ್ ಕೋಡ್ ಬರೆಸೋ ಪ್ರೋಗ್ರಾಂ) ಅವ್ರಿಗೆ ಬಂದ ಅರ್ಜಿ 181, ಅದ್ರಲ್ಲಿ ಹೆಂಗಸ್ರದ್ದು ಸೊನ್ನೆ. ಆಮೇಲೆ ಹೆಂಗಸ್ರಿಗೇ ಅಂತ ಒಂದು ಪ್ರೋಗ್ರಾಂ ಮಾಡಿ ಕರೆದ್ರು ನೋಡಿ, ನೂರರ ಹತ್ರ ಅರ್ಜಿ ಬಂತು. ಸಾಫ್ಟ್‌ವೇರ್ ಅದೇ, ಕರೆದಿದ್ದೊಂದೇ ಹೊಸದು. ಮುಂದೆ ಅದೇ ಔಟ್‌ರೀಚಿ ಆಯ್ತು, ಸ್ಟೈಪೆಂಡೂ ಕೊಡ್ತಾರೆ. ಅದು ಸಣ್ಣ ವಿಷಯ ಅಲ್ಲ, ಯಾಕಂದ್ರೆ ದಿನದ ಕೆಲ್ಸ, ಮನೆ ಕೆಲ್ಸ ಎಲ್ಲಾ ಮುಗಿದ್ಮೇಲೆ ಬಿಟ್ಟಿ ಕೋಡ್ ಬರೆಯೋಕೆ ಯಾರಿಗೆ ಟೈಮ್ ಉಳಿಯುತ್ತೆ ಹೇಳಿ.

ಟರ್ಮಿನಲ್_ಪ್ರೇಮಿ:
ಥ್ಯಾಂಕ್ಸ್ ಸರ್, ಇದು ಗೊತ್ತಿರ್ಲಿಲ್ಲ. ಆದ್ರೆ ನಾನಂತೂ ಹೆಸ್ರು ನೋಡಲ್ಲ, ಡಿಫ್ (ಕೋಡಲ್ಲಿ ಏನ್ ಬದಲಾಗಿದೆ ಅನ್ನೋದು) ಮಾತ್ರ ನೋಡೋದು.

ಸೆಮಿಕೋಲನ್:
ಸರ್ ಅಲ್ಲ ಕಣ್ರಿ, ಮೇಡಂ :) ಹೆಸ್ರೇ ಇಲ್ದಿರೋ ಕಡೆನೂ ಒಬ್ಬ ಗಂಡಸನ್ನ ತಂದು ಕೂರಿಸಿಬಿಟ್ರಿ ನೋಡಿ. ಬೈತಿಲ್ಲ, ಎಲ್ರೂ ಹಿಂಗೇ. ಗಿಟ್‌ಹಬ್ (ಕೋಡ್ ಹಂಚ್ಕೊಳ್ಳೋ ಸೈಟ್) ಪುಲ್ ರಿಕ್ವೆಸ್ಟ್‌ಗಳ, ಅಂದ್ರೆ ಈ ಪ್ಯಾಚ್ ಸೇರಿಸಿ ಅನ್ನೋ ಕೋರಿಕೆಗಳ ಬಗ್ಗೆ 2017ರಲ್ಲಿ ಒಂದು ಪೇಪರ್ ಬಂತು. ಒಟ್ಟಾರೆ ಲೆಕ್ಕದಲ್ಲಿ ಹೆಂಗಸ್ರ ಪ್ಯಾಚ್ ಮರ್ಜ್ ಆಗಿದ್ದೇ ಜಾಸ್ತಿ, ಆದ್ರೆ ಪ್ರಾಜೆಕ್ಟಿಗೆ ಹೊಸಬರಾಗಿದ್ದು ಪ್ರೊಫೈಲ್ ನೋಡಿದ್ರೆ ಹೆಣ್ಣು ಅಂತ ಗೊತ್ತಾಗೋ ಹಾಗಿದ್ರೆ ಗಂಡಸ್ರಿಗಿಂತ ಕಮ್ಮಿ. ನನ್ನ ಮೊದಲ್ನೇ ಪ್ಯಾಚ್ ಸ್ವಂತ ಹೆಸರಲ್ಲಿ ಕಳ್ಸಿದ್ದೆ, ಬಂದ ಮೊದಲ್ನೇ ರಿವ್ಯೂ ಕಾಮೆಂಟ್ "ಇದು ನೀವೇ ಬರ್ದಿದ್ದಾ?" ಅಂತ. ಈ ಹ್ಯಾಂಡಲ್ ಇಟ್ಕೊಂಡ್ಮೇಲೆ ಪಾಯಿಂಟರ್ ಯಾಕೆ ಫ್ರೀ ಮಾಡಿಲ್ಲ ಅಂತ ಕೋಡ್ ತಪ್ಪಿಗೆ ಬೈಸ್ಕೊಂಡಿದ್ದೀನಿ, ಅದೆಷ್ಟು ಖುಷಿ ಆಯ್ತು ಗೊತ್ತಾ.

ಬೈನರಿ_ಭೂಪ:
ಟೆಕ್ನಾಲಜೀಲಿ ರಾಜಕೀಯ ತರ್ಬೇಡ್ರಪ್ಪ.

ಹಳೇ_ಮೇಂಟೇನರ್:
@ಭೂಪ, ಜಿಪಿಎಲ್ (ಸಾಫ್ಟ್‌ವೇರ್ ಮುಕ್ತವಾಗೇ ಉಳೀಬೇಕು ಅನ್ನೋ ಲೈಸೆನ್ಸ್) ಇನ್ನೇನ್ರೀ ಮತ್ತೆ, ರಾಜಕೀಯ ಅಲ್ವಾ?

ಕೋಡ್ ಆಫ್ ಕಂಡಕ್ಟ್ ವಿಷಯಕ್ಕೆ ಬರ್ತೀನಿ. ಸುಮಾರು ಕಡೆ ಹಾಕೋ ರೆಡಿಮೇಡ್ ಕೋಡ್ ಆಫ್ ಕಂಡಕ್ಟ್, ಕಾಂಟ್ರಿಬ್ಯೂಟರ್ ಕವನೆಂಟ್‌ನ ಕೊರಲೈನ್ ಅಡಾ ಎಮ್ಕೆ 2014ರಲ್ಲಿ ಬರ್ದಿದ್ದು. 2018ರಲ್ಲಿ ಅದು ಲಿನಕ್ಸ್ ಕರ್ನಲ್‌ಗೂ (ಆ ಆಪರೇಟಿಂಗ್ ಸಿಸ್ಟಂನ ತಿರುಳು) ಬಂತು, ಅದೇ ಟೈಮಲ್ಲಿ ಲಿನಕ್ಸ್ ಶುರು ಮಾಡಿದ ಟೋರ್ವಾಲ್ಡ್ಸ್ ತಮ್ಮ ಬೈಗುಳದ ಮೇಲ್‌ಗಳಿಗೆ ಸಾರಿ ಕೇಳಿ ಸ್ವಲ್ಪ ದಿನ ರಜೆ ತಗೊಂಡ್ರು. ಕರ್ನಲ್ ಕಥೆ ಮುಗೀತು ಅಂತ ಏನ್ ಗಲಾಟೆ ಆಗ! ಆಮೇಲೂ ರಿಲೀಸ್ ಮೇಲೆ ರಿಲೀಸ್ ಬರ್ತಾನೇ ಇದೆ.

ಆದ್ರೆ ಆ ನಿಯಮದ ಫೈಲ್ ಪೇಸ್ಟ್ ಮಾಡಿ ಕೈ ತೊಳ್ಕೊಂಡ್ರೆ ಪ್ರಯೋಜನ ಇಲ್ಲ. ನಮ್ಮ ಪ್ರಾಜೆಕ್ಟಲ್ಲಿ ಅದೇ ಆಗಿದ್ದು. ಒಬ್ಬ ಹುಡುಗಿ ಕಂಪ್ಲೇಂಟ್ ಕಳ್ಸಿದ್ಲು, ಫೈಲಲ್ಲಿದ್ದ ಅಡ್ರೆಸ್ ಪ್ರಾಜೆಕ್ಟ್ ಬಿಟ್ಟು ಎರಡು ವರ್ಷ ಆಗಿದ್ದವನದ್ದು, ಅವನು ಆ ಇನ್‌ಬಾಕ್ಸ್ ತೆಗೀತಾನೇ ಇರ್ಲಿಲ್ಲ. ನಮಗೆ ಗೊತ್ತಾಗೋ ಹೊತ್ತಿಗೆ ಅವಳು ಹೊರಟೋಗಿದ್ಲು. ಡಾಕ್ಯುಮೆಂಟೇಶನ್, ಬಗ್ ಟ್ರಯಾಜ್ (ಬಗ್‌ಗಳನ್ನ ವಿಂಗಡಿಸೋದು), ಹೊಸಬ್ರಿಗೆ ಉತ್ತರ ಕೊಡೋದು ಎಲ್ಲಾ ಅವಳೇ ಮಾಡ್ತಿದ್ದಿದ್ದು, ಅದ್ಯಾವುದೂ ಕಮಿಟ್ (ಸೇರಿಸಿದ ಕೋಡ್) ಲೆಕ್ಕಕ್ಕೆ ಬರಲ್ಲ ನೋಡಿ, ಅವಳು ಹೋದ ಮೂರೇ ತಿಂಗಳಲ್ಲಿ ಇಶ್ಯೂ ಕ್ಯೂ ಕೊಳೆತುಹೋಯ್ತು.

ಟರ್ಮಿನಲ್_ಪ್ರೇಮಿ:
ಸಾರಿ ಮೇಡಂ. ಕೋಡ್ ಆಫ್ ಕಂಡಕ್ಟ್ ಫೈಲ್ ಹಾಕ್ದೆ. ಕಂಪ್ಲೇಂಟ್ ಬಂದ್ರೆ ನೋಡ್ಕೊಳ್ಳೋಕೆ ನನ್ನ ಜೊತೆ ಇನ್ನೊಬ್ರು ಬೇಕು, ಯಾರ್ ಇರ್ತೀರಿ ಅಂತ ಅದೇ ಇಶ್ಯೂನಲ್ಲಿ ಕೇಳ್ದೆ. ನಾಲ್ಕು ದಿನ ಆಯ್ತು, ಎಂಬತ್ತು ಕಾಮೆಂಟ್ ಹಾಕಿದವ್ರಲ್ಲಿ ಒಬ್ರೂ ತುಟಿ ಬಿಚ್ಚಿಲ್ಲ.