ಮೇಲಿನ ಮುಂದಿನ ಹಲ್ಲಿನ ಬೇರು ಬಾಗಿದೆ – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹಲ್ಲಿನ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ಹೇಳಿ.

ನನ್ನ ತಂಗಿಗೆ 31 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸೋಣ ಅಂತ ಎಕ್ಸ್‌ರೇ ತೆಗೆಸಿದಳು. ಮೇಲಿನ ನಡುಹಲ್ಲು ಒಂದರ ಬೇರು ಅರ್ಧದವರೆಗೆ ನೇರವಾಗಿದೆ, ಆಮೇಲೆ ಕೊಡೆ ಹಿಡಿಕೆ ಥರ ತಟ್ಟನೆ ಪಕ್ಕಕ್ಕೆ ತಿರುಗಿದೆ. ಹೊರಗಿನಿಂದ ಹಲ್ಲು ಮಾಮೂಲಿಯಾಗಿಯೇ ಕಾಣುತ್ತೆ. ನೋವೂ ಇಲ್ಲ. ಇದಕ್ಕೆ ಡೈಲಾಸರೇಶನ್ ಅಂತಾರಂತೆ.

ನಾನು ಓದಿದ ಮಟ್ಟಿಗೆ ಬೇರು ಬಾಗುವುದು ಹಿಂದಿನ ದವಡೆ ಹಲ್ಲುಗಳಲ್ಲೇ ಜಾಸ್ತಿ, ಮುಂದಿನ ಹಲ್ಲುಗಳಲ್ಲಿ ಅಪರೂಪ. ನಡುಹಲ್ಲಿನ ಪಕ್ಕದ ಹಲ್ಲಿನಲ್ಲಿ ಬೇರಿನ ತುದಿ ಸ್ವಲ್ಪ ವಾಲಿರುವುದು ಮಾತ್ರ ಸಾಮಾನ್ಯವಂತೆ. ಇವಳದ್ದು ಅದಲ್ಲ. ಚಿಕ್ಕವಳಿದ್ದಾಗ ಜಗಲಿಯಿಂದ ಬಿದ್ದು ಹಾಲುಹಲ್ಲು ಒಸಡಿನೊಳಗೆ ಹೋಗಿತ್ತು ಅಂತ ಅಮ್ಮ ಹೇಳುತ್ತಾರೆ. ಒಳಗೆ ಬೆಳೆಯುತ್ತಿದ್ದ ಹಲ್ಲಿಗೆ ಆ ಪೆಟ್ಟು ತಾಗಿದರೆ ಹೀಗಾಗಬಹುದು, ಅಲ್ವಾ?

ಡಾಕ್ಟರ್‌ಗಳೇ, ದೊಡ್ಡವರ ಮುಂದಿನ ಹಲ್ಲಿನಲ್ಲಿ ನೀವು ಇದನ್ನು ಎಷ್ಟು ನೋಡಿದ್ದೀರಿ? ಕ್ಲಿಪ್ ಹಾಕಿ ಎಳೆದರೆ ಇಂಥ ಬೇರು ಕರಗುವ ಭಯ ಜಾಸ್ತಿಯಾ? ಮಾಮೂಲಿ ಎಕ್ಸ್‌ರೇಯಲ್ಲಿ ತುಟಿ ಕಡೆಗೋ ಅಂಗುಳದ ಕಡೆಗೋ ಬಾಗಿದ್ದು ಸರಿಯಾಗಿ ಗೊತ್ತಾಗಲ್ಲ. ಹಾಗಾದರೆ ಸಿಬಿಸಿಟಿ ಸ್ಕ್ಯಾನ್ (ಹಲ್ಲು-ದವಡೆಯ 3ಡಿ ಎಕ್ಸ್‌ರೇ) ಈಗಲೇ ಬೇಕಾ, ಇಲ್ಲಾ ಸುಮ್ನೆ ಖರ್ಚಾ? ಮುಂದೆ ರೂಟ್ ಕೆನಾಲ್ ಬೇಕಾಗಿ ಬಂದರೆ ಆ ತಿರುವಿನಲ್ಲಿ ಫೈಲ್ (ಬೇರಿನೊಳಗೆ ಕ್ಲೀನ್ ಮಾಡುವ ಸೂಜಿಯಂಥ ಉಪಕರಣ) ಮುರಿಯುವ ಅಪಾಯ ಇದೆಯಂತೆ, ಅದೇ ದೊಡ್ಡ ಚಿಂತೆ.

ಇಂಥ ಹಲ್ಲಿಟ್ಟುಕೊಂಡೇ ಕ್ಲಿಪ್ ಹಾಕಿಸಿಕೊಂಡವರು ಇದ್ದರೆ ನಿಮ್ಮ ಅನುಭವವನ್ನೂ ತಿಳಿಸಿ. ಕೀಳಿಸಿ ಇಂಪ್ಲಾಂಟ್ ಹಾಕಿಸಿ ಅನ್ನುವ ಸಲಹೆ ಮಾತ್ರ ಬೇಡ, ನೋವೇ ಇಲ್ಲದ ಹಲ್ಲದು.