ಹುಲ್ಲಿನ ರನ್‌ವೇಯ ಫ್ಲೈ-ಇನ್‌ಗೆ ಮೊದಲ ಸಲ ಹೋಗ್ತಿದ್ದೀರಾ? ಹೋಗಿ ಬಂದವರ ಮಾತು

ಕೇಳಿದ್ದು:

ನಮಸ್ಕಾರ. ನಾನಿರೋದು ಶಿಕಾಗೋ ಹತ್ತಿರ. ಹೋದ ವರ್ಷ ಪ್ರೈವೇಟ್ ಪೈಲಟ್ ಲೈಸೆನ್ಸ್ ಸಿಕ್ಕಿತು. ಕ್ಲಬ್ಬಿನ ಸೆಸ್ನಾ 172 ಬಾಡಿಗೆಗೆ ತಗೊಂಡು ಹಾರಿಸುತ್ತೇನೆ. ಕಲಿತದ್ದೆಲ್ಲ ಕಂಟ್ರೋಲ್ ಟವರ್ (ಯಾರು ಯಾವಾಗ ಇಳಿಯಬೇಕು, ಏರಬೇಕು ಅಂತ ಹೇಳುವವರು) ಇರುವ ಏರ್‌ಪೋರ್ಟಿನಲ್ಲೇ. ಸೆಪ್ಟೆಂಬರಿನಲ್ಲಿ ವಿಸ್ಕಾನ್ಸಿನ್‌ನ ಬ್ರಾಡ್‌ಹೆಡ್‌ನಲ್ಲಿ ಹಳೇ ವಿಮಾನಗಳ ಗ್ರಾಸ್‌ರೂಟ್ಸ್ ಫ್ಲೈ-ಇನ್ (ಪೈಲಟ್‌ಗಳು ವಿಮಾನ ಹಾರಿಸಿಕೊಂಡು ಬಂದು ಸೇರುವ ಮೇಳ) ನಡೆಯುತ್ತೆ ಅಲ್ವಾ, ಅಲ್ಲಿಗೆ ಹೆಂಡತಿ ಮತ್ತು ಎಂಟು ವರ್ಷದ ಮಗಳ ಜೊತೆ ಹಾರಿ ಹೋಗಬೇಕು ಅಂತ ಆಸೆ. ಟವರ್ ಇಲ್ಲ, ರನ್‌ವೇ ಹುಲ್ಲಿನದು. ಇಂಥ ಕಡೆ ಹೋಗಿ ಬಂದವರು ದಿನ ಹೇಗಿರುತ್ತೆ, ಏನೇನು ನೋಡಿಕೊಳ್ಳಬೇಕು ಹೇಳ್ತೀರಾ?

ಮೊದಲ ಉತ್ತರ:

ಖಂಡಿತ ಹೋಗಿ. ಆದರೆ ಮೊದಲು ಕ್ಲಬ್ಬಿನ ಬಾಡಿಗೆ ಕರಾರು ತೆಗೆದು ಓದಿ. ಎಷ್ಟೋ ಕ್ಲಬ್ಬುಗಳು ಹುಲ್ಲಿನ ಮೇಲೆ ಇಳಿಯಲು ಬಿಡುವುದಿಲ್ಲ, ಇನ್ಶೂರೆನ್ಸಿನವರೂ ಒಪ್ಪುವುದಿಲ್ಲ. ಬಾಯಿಮಾತು ಬೇಡ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಆಮೇಲೆ ಇನ್‌ಸ್ಟ್ರಕ್ಟರನ್ನು ಕರೆದುಕೊಂಡು ಯಾವುದಾದರೂ ಖಾಲಿ ಹುಲ್ಲಿನ ರನ್‌ವೇಗೆ ಹೋಗಿ ನಾಲ್ಕಾರು ಸಲ ಇಳಿದು, ಏರಿ ಅಭ್ಯಾಸ ಮಾಡಿ.

ನಾನು ಒತ್ತಿ ಹೇಳೋದು ಒಂದೇ: ಕಣ್ಣು ಹೊರಗಿರಲಿ. ಅಲ್ಲಿಗೆ ಬರುವ ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್ ಥರದ ವಿಮಾನಗಳಲ್ಲಿ ಎಷ್ಟೋ ಸಲ ರೇಡಿಯೋನೇ ಇರುವುದಿಲ್ಲ. ಟವರ್ ಇಲ್ಲದ ಇಂಥ ಕಡೆ ಕಾನೂನಿನ ಪ್ರಕಾರ ರೇಡಿಯೋ ಬೇಕು ಅಂತಲೂ ಇಲ್ಲ. ಜನರೇಟರ್ ಇಲ್ಲದೆಯೇ ತಯಾರಾದ ಈ ವಿಮಾನಗಳಿಗೆ ಎಡಿಎಸ್-ಬಿ (ವಿಮಾನ ಎಲ್ಲಿದೆ ಅಂತ ತಾನಾಗೇ ಸುತ್ತಲೂ ತಿಳಿಸುವ ಉಪಕರಣ) ನಿಯಮದಿಂದಲೂ ವಿನಾಯಿತಿ ಇದೆ, ಹಾಗಾಗಿ ನಿಮ್ಮ ಐಪ್ಯಾಡ್‌ನಲ್ಲೂ ಕಾಣಿಸುವುದಿಲ್ಲ. ರೇಡಿಯೋ ಸುಮ್ಮನಿದೆ, ಪರದೆ ಖಾಲಿ ಇದೆ, ಆದರೆ ಬೇಸ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗುವ ಮೊದಲಿನ ಅಡ್ಡ ಹಾದಿಯಲ್ಲಿ, ಒಂದು ಹಳದಿ ಕಬ್ ತಿರುಗುತ್ತಾ ಇರುತ್ತೆ. ಮಗಳಿಗೂ ಒಂದು ಕೆಲಸ ಕೊಡಿ, ಕಿಟಕಿಯಲ್ಲಿ ವಿಮಾನ ಕಂಡ ತಕ್ಷಣ ಕೈ ತೋರಿಸಿ ಹೇಳಲಿ. ಮಕ್ಕಳ ಕಣ್ಣು ಚುರುಕು.

ಡೌನ್‌ವಿಂಡ್‌ಗೆ, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ಎದುರಾಗಿ ಹಾರುವ ಹಾದಿಗೆ, ನೇರವಾಗಿ ನುಗ್ಗಬೇಡಿ. ಪ್ಯಾಟರ್ನ್ (ಇಳಿಯುವ ಮೊದಲು ರನ್‌ವೇ ಪಕ್ಕ ಹಾಕುವ ಆಯತಾಕಾರದ ಸುತ್ತು) ಎತ್ತರ ಸಾಮಾನ್ಯವಾಗಿ ನೆಲದಿಂದ 1,000 ಅಡಿ. ಆ ಎತ್ತರಕ್ಕೆ ಹೊರಗಡೆಯೇ ಬಂದು, 45 ಡಿಗ್ರಿ ಕೋನದಲ್ಲಿ ರನ್‌ವೇಯ ನಡುಭಾಗದ ಎದುರಿಗೆ ಬಂದು ಸೇರಿಕೊಳ್ಳಿ. ತಿರುವು ಎಡಕ್ಕೋ ಬಲಕ್ಕೋ, ಆ ದಿನಕ್ಕೆ ಬೇರೆ ಸೂಚನೆ ಕೊಟ್ಟಿದ್ದಾರೋ ಅಂತ ಚಾರ್ಟ್ ಸಪ್ಲಿಮೆಂಟ್ (ಏರ್‌ಪೋರ್ಟುಗಳ ವಿವರದ ಕೈಪಿಡಿ), ನೋಟಮ್ (ಪೈಲಟ್‌ಗಳಿಗೆ ಹೊರಡಿಸುವ ತಾತ್ಕಾಲಿಕ ಸೂಚನೆ), ಫ್ಲೈ-ಇನ್ ನಡೆಸುವವರ ಸೂಚನೆ ಮೂರನ್ನೂ ಹಿಂದಿನ ರಾತ್ರಿಯೇ ನೋಡಿಡಿ. ರೇಡಿಯೋದಲ್ಲಿ ಮಾತಾಡುವಾಗ ಊರಿನ ಹೆಸರನ್ನು ಮೊದಲೂ ಕೊನೆಗೂ ಹೇಳಿ, ಯಾಕೆಂದರೆ ಅದೇ ಫ್ರೀಕ್ವೆನ್ಸಿಯಲ್ಲಿ ಅಕ್ಕಪಕ್ಕದ ಊರಿನವರೂ ಇರುತ್ತಾರೆ. ಬರೀ ಬಾಲದ ನಂಬರ್ ಹೇಳಿದರೆ ಯಾರಿಗೂ ಉಪಯೋಗ ಇಲ್ಲ. "ಬಿಳಿ ಸೆಸ್ನಾ" ಅನ್ನಿ, ಹುಡುಕೋರಿಗೆ ಅನುಕೂಲ. ಸುತ್ತಮುತ್ತ ಇರೋರೆಲ್ಲ ಎಲ್ಲಿದ್ದೀರಿ ಹೇಳಿ ಅಂತ ಕೇಳೋ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಹತ್ತು ನಿಮಿಷ ಮುಂಚೆಯೇ ಕೇಳಿಸಿಕೊಳ್ಳುತ್ತಾ ಬಂದರೆ ಚಿತ್ರ ತಾನಾಗೇ ಸಿಗುತ್ತೆ.

ಇನ್ನೊಂದು, ವೇಗ. ನೀವು ಡೌನ್‌ವಿಂಡ್‌ನಲ್ಲಿ 90 ನಾಟ್‌ನಲ್ಲಿ ಬರುತ್ತೀರಿ, ಕಬ್ ಪೂರ್ತಿ ವೇಗದಲ್ಲಿ ಹೋದರೂ ಅಷ್ಟಾಗುವುದಿಲ್ಲ. ಬೇಗನೆ ವೇಗ ಇಳಿಸಿ. ಮುಂದಿನವರು ಹತ್ತಿರವಾದರು ಅನಿಸಿದರೆ ಯೋಚನೆ ಮಾಡದೆ ಗೋ-ಅರೌಂಡ್ ಮಾಡಿ, ಅಂದರೆ ಇಳಿಯದೆ ಮೇಲೇರಿ ಇನ್ನೊಂದು ಸುತ್ತು ಬನ್ನಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಇಳಿದ ಮೇಲೆ ಯೋಕ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಹಿಡಿಕೆ) ಹಿಂದಕ್ಕೆ ಎಳೆದೇ ಇಟ್ಟುಕೊಳ್ಳಿ, ಮುಂದಿನ ಚಕ್ರದ ಮೇಲೆ ಭಾರ ಬೀಳಬಾರದು. ಬೆಳಗಿನ ಇಬ್ಬನಿ ಇದ್ದರೆ ಬ್ರೇಕ್ ಅಷ್ಟಾಗಿ ಹಿಡಿಯುವುದಿಲ್ಲ, ರನ್‌ವೇ ಉದ್ದಕ್ಕೆ ಇದನ್ನೂ ಲೆಕ್ಕ ಹಾಕಿ. ಹಗ್ಗ, ನೆಲಕ್ಕೆ ಹೊಡೆಯೋ ಗೂಟ, ಸುತ್ತಿಗೆ ನಿಮ್ಮದೇ ತಗೊಂಡು ಹೋಗಿ. ವಾಪಸ್ ಹೊರಡುವಾಗ ಎಂಜಿನ್ ಸ್ಟಾರ್ಟ್ ಮಾಡೋ ಮೊದಲು ಇಳಿದು ಬಾಲದ ಹಿಂದೆ ಏನಿದೆ ನೋಡಿ. ಅಲ್ಲಿ ಬಟ್ಟೆ ಹೊದಿಸಿದ ವಿಮಾನವೋ ಯಾರದೋ ಟೆಂಟೋ ಇದ್ದರೆ ಕೈಯಲ್ಲೇ ತಳ್ಳಿ ತಿರುಗಿಸಿಕೊಳ್ಳಿ.

ಎರಡನೇ ಉತ್ತರ:

ಮೇಲಿನವರು ಹಾರೋದರ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋಗೋ ತಾಯಿ, ನಾನೂ ಪೈಲಟ್, ಆ ಕಡೆಯದು ಹೇಳ್ತೀನಿ.

ನಿಂತಿರೋ ಪ್ರೊಪೆಲ್ಲರ್ ಕೂಡ ಯಾವಾಗ ಬೇಕಾದರೂ ತಿರುಗಬಹುದು ಅಂತಲೇ ಮಗಳಿಗೆ ಹೇಳಿಕೊಡಿ. ವಿಮಾನಗಳ ನಡುವೆ ಇರುವಷ್ಟು ಹೊತ್ತು ಕೈ ಬಿಡಬೇಡಿ. ಬಾಲದ ಕೆಳಗೆ ಚಕ್ರ ಇರುವ ಟೈಲ್‌ವ್ಹೀಲ್ ವಿಮಾನ ನೆಲದ ಮೇಲಿದ್ದಾಗ ಮೂತಿ ಮೇಲಿರುತ್ತೆ, ಪೈಲಟ್‌ಗೆ ನೇರ ಎದುರಿಗಿರೋದು ಕಾಣುವುದೇ ಇಲ್ಲ. ಅದಕ್ಕೇ ಅವರು ಹಾವಿನ ಥರ ಅತ್ತಿತ್ತ ತಿರುಗುತ್ತಾ ಬರುತ್ತಾರೆ. ಬಟ್ಟೆಯ ರೆಕ್ಕೆಗೆ ಬೆರಳು ಒತ್ತಬಾರದು. ಮುಟ್ಟಬಹುದಾ ಅಂತ ಕೇಳಿದರೆ ಮಾತ್ರ ಮಾಲೀಕರು ಖುಷಿಯಿಂದ ಎಲ್ಲ ತೋರಿಸುತ್ತಾರೆ.

ಪೀಟನ್‌ಪೋಲ್ ಏರ್ ಕ್ಯಾಂಪರ್ ಕಂಡರೆ ನಿಂತು ನೋಡಿ. ಬರ್ನಾರ್ಡ್ ಪೀಟನ್‌ಪೋಲ್ ಅನ್ನೋರು ಮಿನ್ನೆಸೋಟಾದ ಚೆರ್ರಿ ಗ್ರೋವ್‌ನಲ್ಲಿ ಮಾಡಿದ ವಿನ್ಯಾಸ ಅದು. ಮರ, ಬಟ್ಟೆ, ಅದಕ್ಕೆ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್. ರೇಡಿಯೇಟರ್ ಪೈಲಟ್‌ನ ಕಣ್ಣೆದುರಿಗೇ ಎದ್ದು ನಿಂತಿರುತ್ತೆ. ಅದರ ಪಕ್ಕ ಬಗ್ಗಿ ನೋಡುತ್ತಾ ಹಾರಿಸುತ್ತಾರೆ! ಮನೆಯ ಗ್ಯಾರೇಜಿನಲ್ಲಿ ಕಟ್ಟಿದವರೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಏನು ಕೇಳಿದರೂ ಬೇಸರ ಇಲ್ಲದೆ ಹೇಳುತ್ತಾರೆ. ನನಗಂತೂ ಇದಕ್ಕಿಂತ ದೊಡ್ಡ ಕಾರಣ ಬೇಡ.

ಊಟಕ್ಕೆ ಪ್ಯಾನ್‌ಕೇಕ್, ಸಾಸೇಜ್, ಬರ್ಗರ್ ಜಾಸ್ತಿ. ಸಸ್ಯಾಹಾರಿಗಳಾದರೆ ಚಿತ್ರಾನ್ನ ಡಬ್ಬಿಗೆ ಹಾಕಿಕೊಳ್ಳಿ. ಮಗಳಿಗೆ ಕಿವಿ ಮುಚ್ಚುವ ಹೆಡ್‌ಸೆಟ್, ಟೋಪಿ, ನೀರು. ಚಿಲ್ಲರೆ ನಗದು ಇರಲಿ. ಇನ್ನು, ಇಎಎ ಅನ್ನೋ ವಿಮಾನಪ್ರಿಯರ ಸಂಘದ ಯಂಗ್ ಈಗಲ್ಸ್ ಅಂತ 1992ರಿಂದ ನಡೆಯುತ್ತಿದೆ, 8ರಿಂದ 17 ವರ್ಷದ ಮಕ್ಕಳನ್ನು ಪುಕ್ಕಟೆಯಾಗಿ ಹಾರಿಸುತ್ತಾರೆ. ನಿಮ್ಮ ಊರಿನ ಚಾಪ್ಟರಿನಲ್ಲಿ ವಿಚಾರಿಸಿ, ಮಗಳಿಗೆ ವಯಸ್ಸಾಯ್ತಲ್ಲ.

ಮೂರನೇ ಉತ್ತರ:

ನಾನು ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತವನು. ಅಲ್ಲಿಂದ ಇನ್ನೊಂದು ಊರಿಗೆ ಹೊರಡಬೇಕಾದರೆ ಫ್ಲೈಟ್ ಪ್ಲಾನ್ ಹಾಕಿ, ಎಡಿಸಿ, ಎಫ್‌ಐಸಿ ನಂಬರ್ (ಹಾರಲು ಕೊಡುವ ಅನುಮತಿ ಸಂಖ್ಯೆಗಳು) ತಗೊಂಡೇ ಹೊರಡಬೇಕು. ಇಲ್ಲಿ ಅಮೆರಿಕದಲ್ಲಿ ಶನಿವಾರ ಬೆಳಿಗ್ಗೆ ಮನಸ್ಸು ಬಂದರೆ ಹೊರಟೇಬಿಡಬಹುದು. ಈ ಸ್ವಾತಂತ್ರ್ಯ ನನಗೆ ತುಂಬಾ ದೊಡ್ಡದು. ಆದರೆ ಹೊರಡಬಾರದು ಅಂತ ಹೇಳೋರೂ ಯಾರೂ ಇರುವುದಿಲ್ಲ, ಅದನ್ನು ನೀವೇ ಹೇಳಿಕೊಳ್ಳಬೇಕು.

ವಾಪಸ್ ಹೊರಡೋ ಹೊತ್ತು ಮನೆಯಲ್ಲೇ ನಿರ್ಧಾರ ಮಾಡಿಕೊಳ್ಳಿ. ಅಲ್ಲಿ ಇಂಧನ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಹಗಲಿಗೆ ಕಾನೂನು ಕೇಳೋದು 30 ನಿಮಿಷ ಹಾರುವಷ್ಟು ರಿಸರ್ವ್ (ಮಿಕ್ಕಿರಬೇಕಾದ ಇಂಧನ), ನಾನು ಒಂದು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಹೆಂಡತಿ ಮಗಳನ್ನು ಕೂರಿಸಿಕೊಳ್ಳೋ ಮೊದಲು ಕಳೆದ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿವೆಯಾ ಅಂತ ಲಾಗ್‌ಬುಕ್ ನೋಡಿ. ಮಳೆಮೋಡ ಕಟ್ಟಿದರೆ ವಿಮಾನವನ್ನು ಗೂಟಕ್ಕೆ ಕಟ್ಟಿ ಅಲ್ಲೇ ಉಳಿಯಿರಿ, ಇಲ್ಲವೇ ಕಾರಿನಲ್ಲಿ ಬಂದ ಸ್ನೇಹಿತರ ಜೊತೆ ಮನೆಗೆ ಹೋಗಿ. ಹೀಗಾಗಬಹುದು ಅಂತ ಕ್ಲಬ್ಬಿಗೂ ಮೊದಲೇ ತಿಳಿಸಿಡಿ, ಮಾರನೇ ದಿನ ಆ ವಿಮಾನ ಬೇರೆಯವರಿಗೆ ಬುಕ್ ಆಗಿರಬಹುದು.