ಬಾಯಿ ‘ಗ’, ದನಿ ‘ಬ’, ಆದ್ರೂ ‘ದ’ ಕೇಳಿಸ್ತಿಲ್ಲ. ಮಾಡಿ ನೋಡಿದೋರು ಹೇಳಿ

ಪ್ರಶ್ನೆ: ಕಾಲೇಜು ಪ್ರದರ್ಶನಕ್ಕೆ ಕನ್ನಡದಲ್ಲೇ ಮೆಕ್‌ಗರ್ಕ್ ವಿಡಿಯೊ (ಕಣ್ಣಿಗೊಂದು ಅಕ್ಷರ, ಕಿವಿಗೊಂದು ಕೊಟ್ರೆ ಮೂರನೇದು ಕೇಳಿಸೋ ಭ್ರಮೆ). ‘ಗ’ ಅನ್ನೋ ಮುಖಕ್ಕೆ ‘ಬ’ ದನಿ ಅಂಟಿಸಿದೀವಿ. 20 ಜನರಲ್ಲಿ 14 ಜನಕ್ಕೆ ‘ಬ’ನೇ ಕೇಳುತ್ತೆ. ಮೊಬೈಲ್ ಪರದೆ, ಬ್ಲೂಟೂತ್ ಸ್ಪೀಕರ್.

ಫ್ರೇಮ್‌ಲೆಕ್ಕ: ಬ್ಲೂಟೂತ್ ದನಿನ ತಡ ಮಾಡುತ್ತೆ, ಎತ್ತಿಡಿ, ತಂತಿ ಹಾಕಿ. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಪ್ರಸಾರ ಮಾನದಂಡದಲ್ಲಿ ದನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದಾದ್ರೇ ಪತ್ತೆ, ಹಿಂದೆ ಬಿದ್ರೆ 125ರವರೆಗೆ ಗೊತ್ತಾಗಲ್ಲ. 34 ಮೀಟರ್ ಆಚೆ ನಿಂತವನ ಮಾತು ಹೇಗೂ 100 ಮಿಲಿಸೆಕೆಂಡ್ ತಡವಾಗೇ ಬರೋದು, ಕಿವಿಗೆ ಅದು ರೂಢಿ. ಜೋಡಿಸುವಾಗ ಕ್ಲಿಪ್ ತುದಿಗೆ ತುದಿ ಹೊಂದಿಸ್ಬೇಡಿ. ಕನ್ನಡದ ‘ಬ’ ತುಟಿ ಬಿಡೋ ಮುಂಚೆಯೇ ಗುಂಯ್ ಅಂತಿರುತ್ತೆ, ಅಷ್ಟೂ ಜಾರಿ ಹೋಗುತ್ತೆ. ಮೂಲ ‘ಗ’ ದನಿ ಸಿಡಿಯೋ ಗೆರೆಗೇ ‘ಬ’ ಸಿಡಿತ ಕೂರಿಸಿ. 25 ಫ್ರೇಮ್ ವಿಡಿಯೊದಲ್ಲಿ ಒಂದು ಫ್ರೇಮೇ 40 ಮಿಲಿಸೆಕೆಂಡ್, ಹಾಗಾಗಿ ದನಿಯನ್ನೇ ಜರುಗಿಸಿ, ಚಿತ್ರವನ್ನಲ್ಲ.

ತುಟಿಗಾವಲು: ಈ ಸಿಂಕ್ (ದನಿ-ಚಿತ್ರ ಹೊಂದಿಸೋ) ಹುಚ್ಚು ಸಾಕು. ತಡ ಗೊತ್ತಾಗೋದು ಬೇರೆ, ಭ್ರಮೆ ಒಡೆಯೋದು ಬೇರೆ. ದನಿ ಸ್ವಲ್ಪ ತಡವಾದ್ರೂ ಮೆಕ್‌ಗರ್ಕ್ ಉಳಿಯುತ್ತೆ. ನಿಮ್ಮ ತಪ್ಪು ಬೆಳಕಲ್ಲಿ. ಟ್ಯೂಬ್‌ಲೈಟ್ ತಲೆ ಮೇಲಿದ್ರೆ ಬಾಯೊಳಗೆ ಕತ್ತಲೆ. ದೀಪ ಬಾಯಿ ಮಟ್ಟಕ್ಕೆ ಇಳಿಸಿ, ಮೀಸೆ ಇರೋರನ್ನ ಕೂರಿಸ್ಬೇಡಿ. ಹಿಂದೆ ಫ್ಯಾನ್ ಸದ್ದಿನಂಥ ಗದ್ದಲ ಬೆರೆಸಿ: ಸದ್ದು ಹೆಚ್ಚಿದಷ್ಟೂ ಕಣ್ಣಿನ ಮಾತು ನಡೆಯುತ್ತೆ ಅಂತ 1954ರಲ್ಲೇ ಸಂಬಿ, ಪೊಲಾಕ್ ಅನ್ನೋ ಸಂಶೋಧಕರು ತೋರಿಸಿದಾರೆ. ‘ಬ, ಗ, ದ’ ಆಯ್ಕೆ ಕೊಡ್ಬೇಡಿ, ಕಿವಿಗೆ ಕೇಳಿಸಿದ್ದು ಬರೀರಿ ಅನ್ನಿ. ನಮಗೆ ‘ಡ’ ಬೇರೆ ಇದೆ.

ಫ್ರೇಮ್‌ಲೆಕ್ಕ: ಸಿಂಕ್ ಹುಚ್ಚಂತೆ! ದನಿ ಮುಂದೆ ಹೋದ್ರೆ ಎಷ್ಟು ಉಳಿಯುತ್ತೆ ನಿಮ್ಮ ಭ್ರಮೆ?

ಉಫ್: ಕಣ್ಣೊಂದೇ ಅಲ್ಲ. 2009ರ ಗಿಕ್, ಡೆರಿಕ್ ಪ್ರಯೋಗ: ಇಂಗ್ಲಿಷಿನ ‘ಬ’, ‘ಪ’ ಕೇಳಿಸ್ತಾ ಕೈಗೋ ಕುತ್ತಿಗೆಗೋ ಮೆಲ್ಲಗೆ ಗಾಳಿ ಬಿಟ್ರೆ, ‘ಬ’ ಕೂಡ ಕೆಲವೊಮ್ಮೆ ‘ಪ’ ಆಗಿ ಕೇಳುತ್ತೆ. ಕನ್ನಡಕ್ಕೆ ಹಾಗೇ ನಕಲು ಮಾಡಿದ್ರೆ ಕೆಟ್ಟಿತು, ನಮ್ಮ ‘ಪ’ಗೆ ಇಂಗ್ಲಿಷಿನದರ ಹಾಗೆ ಉಸಿರಿಲ್ಲ. ‘ಫ’ ಬಾಯಲ್ಲಿ ಹೆಚ್ಚಾಗಿ ಇಂಗ್ಲಿಷ್ ‘ಎಫ್’ ಆಗಿದೆ. ‘ತ–ಥ’, ‘ಕ–ಖ’ ಜೋಡಿ ಹಿಡೀರಿ.

ತುಟಿಗಾವಲು: ‘ಥ’ ಯಾರು ಉಚ್ಚರಿಸ್ತಾರೆ ಸ್ವಾಮಿ? ‘ಕತೆ’ ಅಂತಾನೇ ಬರೀತಾರೆ.

ಉಫ್: ಅದಕ್ಕೇ ಗಾಳಿ ಬೇಕಿರೋದು.

ಡಬ್ಬಿಂಗ್‌ಪೆನ್ಸಿಲ್: ಪ, ಬ, ಮ ತುಟಿಗೆ ಒಂದೇ, ಅದೇ ಡಬ್ಬಿಂಗ್ ಮಾತು ಬರೆಯೋ ನಮ್ಮ ಅನ್ನ. ತೆಲುಗಿನ ‘ವದ್ದು’ ಕ್ಲೋಸಪ್‌ಗೆ ‘ಬೇಡ’ ಬರೆದ್ರೆ ಕೊನೇಲಿ ತುಟಿ ದುಂಡಗೆ, ದನಿ ಅಗಲ. ‘ಬಿಡು’ ಕೂರುತ್ತೆ.

ಫ್ರೇಮ್‌ಲೆಕ್ಕ: ಅರ್ಥ ಹಾಳಾಯ್ತಲ್ಲ! ಬೇಡ ಅನ್ನೋಳು ಬಿಡು ಅಂತಾಳಾ?

ಡಬ್ಬಿಂಗ್‌ಪೆನ್ಸಿಲ್: ಕೈ ಹಿಡಿದಿದ್ರೆ ಅಂತಾಳೆ. ದೃಶ್ಯ ನೋಡಿ ಬರೆಯೋದು, ನಿಘಂಟು ನೋಡಿ ಅಲ್ಲ.

ಉಫ್: ಪಂಚಾಯ್ತಿ ಆಚೆ ಇಟ್ಕೊಳ್ಳಿ. ಆ 14 ಜನ ಬಾಯಿ ನೋಡ್ತಿದ್ರಾ, ಪರದೆ ಕೆಳಗೆ ಅಕ್ಷರ ಹಾಕಿದ್ರೆ ಅದನ್ನ ಓದ್ತಿದ್ರಾ? ಯಾರೂ ಕೇಳ್ಲಿಲ್ಲ. ಬಾಯೇ ನೋಡಿದ್ರೂ ಕೆಲವರಿಗೆ ಏನು ಮಾಡಿದ್ರೂ ‘ಬ’ನೇ, ಅವರನ್ನ ಬೈಬೇಡಿ.